ಮಕ್ಕಳನ್ನು ಕರೆದೊಯ್ದ ಕೆಲಸಕ್ಕೆ ಆ ಮನೆಯವರೇ ಯಾಕೆ ಸೇರುತ್ತಾರೆ?

ಓದುಗರ ಪ್ರಶ್ನೆ: ಕೆನಡಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಹೋದವರಲ್ಲಿ ಸೋಶಿಯಲ್ ವರ್ಕರ್‌ಗಳೂ ಇದ್ದರು ಎಂದು ಓದಿದ್ದೇನೆ. ಹಾಗಿದ್ದೂ ಅದೇ ಸಮುದಾಯದ ಹುಡುಗ ಹುಡುಗಿಯರು ಇಂದು ಸೋಶಿಯಲ್ ವರ್ಕ್ ಓದುತ್ತಾರಲ್ಲ, ಯಾಕೆ?

ನೀವು ಓದಿದ್ದು ಸರಿ. ಈ ಪ್ರಶ್ನೆ ಆ ವಿದ್ಯಾರ್ಥಿಗಳಿಗೆ ಮೊದಲು ಎದುರಾಗುವುದು ಅವರ ಮನೆಯಲ್ಲೇ. ಬಾಗಿಲಿಗೆ ಸರ್ಕಾರಿ ಕಾರು ಬಂದರೆ ಎದೆ ಒಡೆದುಕೊಳ್ಳುತ್ತಿದ್ದ ಅಜ್ಜಿಯರು ಇನ್ನೂ ಇದ್ದಾರೆ. ಮೊಮ್ಮಗಳು ಬಂದು ಸೋಶಿಯಲ್ ವರ್ಕ್ ಓದುತ್ತೇನೆ ಎಂದರೆ ಅವರಿಗೆ ಹೇಗಾಗಬೇಡ?

ಹಿಂದಿನದನ್ನು ಸ್ವಲ್ಪ ನೋಡೋಣ. ಕೆನಡಾದಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಿಗೆ ಸೇರಿಸಲಾಯಿತು. ಅಲ್ಲಿ ತಾಯ್ನುಡಿ ಆಡಿದರೆ ಶಿಕ್ಷೆ. ಮುಂದೆ ಇನ್ನೊಂದು ದಾರಿ ತೆರೆಯಿತು. 1951ರಲ್ಲಿ, ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿ ಜನರನ್ನು ‘ಇಂಡಿಯನ್’ ಎಂದು ಕರೆದು ಆಳುತ್ತಿದ್ದ ಇಂಡಿಯನ್ ಆ್ಯಕ್ಟ್‌ಗೆ ತಿದ್ದುಪಡಿಯಾಯಿತು. ಪ್ರಾಂತ್ಯಗಳ ಮಕ್ಕಳ ರಕ್ಷಣೆ ಕಾನೂನು ರಿಸರ್ವ್‌ಗಳಿಗೂ, ಅಂದರೆ ಫಸ್ಟ್ ನೇಷನ್ಸ್ ಜನರಿಗೆಂದು ಸರ್ಕಾರ ಗೆರೆ ಎಳೆದು ಬಿಟ್ಟ ಜಾಗಗಳಿಗೂ ಕಾಲಿಟ್ಟಿತು. ಕಾನೂನು ಬಂತು, ಕುಟುಂಬಗಳಿಗೆ ಆಸರೆಯಾಗುವಷ್ಟು ಹಣ ಬರಲಿಲ್ಲ. 1960ರಿಂದ 1980ರ ದಶಕದವರೆಗೆ ಸುಮಾರು 20,000 ಮಕ್ಕಳನ್ನು ಮನೆಯಿಂದ ಬೇರೆ ಮಾಡಿದರು. ಹೆಚ್ಚಿನವರು ಸೇರಿದ್ದು ಬಿಳಿಯರ ಮನೆಗಳನ್ನು. ಕೆಲವರನ್ನು ಅಮೆರಿಕಕ್ಕೂ ದತ್ತು ಕೊಟ್ಟರು. ಇದಕ್ಕೆ ‘ಸಿಕ್ಸ್ಟೀಸ್ ಸ್ಕೂಪ್’ ಎಂಬ ಹೆಸರು ಬಿತ್ತು. ಸ್ಕೂಪ್ ಎಂದರೆ ಬಾಚಿಕೊಳ್ಳುವುದು. ಮ್ಯಾನಿಟೋಬಾದ ನ್ಯಾಯಾಧೀಶ ಎಡ್ವಿನ್ ಕಿಮೆಲ್ಮನ್ 1985ರ ವರದಿಯಲ್ಲಿ ಇದನ್ನು ಸಂಸ್ಕೃತಿಯ ಹತ್ಯೆ ಎಂದೇ ಕರೆದರು.

ಮಗುವನ್ನು ಕರೆದೊಯ್ಯಬೇಕಾದರೆ ಒಂದು ಫೈಲ್ ಬೇಕು. ಇಡೀ ವಿಷಯದ ಗಂಟು ಆ ಫೈಲ್‌ನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಚಿಕ್ಕ ಮನೆ, ತುಂಬಾ ಜನ. ನಲ್ಲಿಯಲ್ಲಿ ಕುಡಿಯುವ ನೀರಿಲ್ಲ. ಅಪ್ಪ ಅಮ್ಮ ದೂರದ ಊರಿನಲ್ಲಿ ಕೆಲಸಕ್ಕೆ ಹೋಗಿದ್ದಾರೆ, ಮಗು ಅಜ್ಜಿಯ ಹತ್ತಿರ ಇದೆ. ಹೊರಗಿನಿಂದ ಬಂದವರು ಇದನ್ನು ‘ನಿರ್ಲಕ್ಷ್ಯ’ ಎಂದು ಬರೆದುಕೊಂಡರು. ಅಜ್ಜಿ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಸೇರಿ ಮಗುವನ್ನು ಬೆಳೆಸುವುದೇ ಅಲ್ಲಿನ ರೀತಿ ಎಂಬುದು ಅವರಿಗೆ ಹೊಳೆಯಲಿಲ್ಲ. ಬಡತನವನ್ನು ತಪ್ಪು ಎಂದು ಓದಿದರು. ಅದೇ ಮನೆಗೆ ಆ ಊರಲ್ಲೇ ಬೆಳೆದವಳು ಹೋದರೆ ಬೇರೆಯದನ್ನು ನೋಡುತ್ತಾಳೆ, ಅಲ್ವಾ? ಅವಳಿಗೆ ಅಲ್ಲಿ ಕಾಣುವುದು ಸಾಕುವ ಅಜ್ಜಿ ಮತ್ತು ರಿಪೇರಿ ಆಗಬೇಕಾದ ಛಾವಣಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ: ಆ ಫೈಲ್ ಬರೆಯುವ ಕೈ ತಮ್ಮದಾಗಲಿ ಎಂದು ಅವರು ಓದಲು ಹೋಗುತ್ತಾರೆ.

ಇದು ಮುಗಿದ ಕಥೆಯೂ ಅಲ್ಲ. 2021ರ ಜನಗಣತಿ ನೋಡಿ. ಕೆನಡಾದ ಹದಿನೈದರೊಳಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ 7.7. ಆದರೆ ಸಾಕುಮನೆಗಳಲ್ಲಿರುವ ಆ ವಯಸ್ಸಿನ ಮಕ್ಕಳಲ್ಲಿ ಅವರದೇ ಪಾಲು ಶೇ 53.8.

ಓದಿನ ದಾರಿಯೂ ಸುಲಭದ್ದಾಗಿರಲಿಲ್ಲ. 1876ರ ಇಂಡಿಯನ್ ಆ್ಯಕ್ಟ್ ಪ್ರಕಾರ ವಿಶ್ವವಿದ್ಯಾಲಯದ ಪದವಿ ಪಡೆದವರು ಕಾನೂನಿನ ಕಣ್ಣಲ್ಲಿ ‘ಇಂಡಿಯನ್’ ಆಗಿ ಉಳಿಯುತ್ತಲೇ ಇರಲಿಲ್ಲ. ಪದವಿ ಬೇಕೋ, ನಿನ್ನ ಜನ ಬೇಕೋ ಎಂದು ಕೇಳಿದ ಹಾಗೆ. ಮುಂದೆ ಆ ನಿಯಮ ಹೋಯಿತು. ಇಂದು ಫಸ್ಟ್ ನೇಷನ್ಸ್ ವಿದ್ಯಾರ್ಥಿಗಳ ಉನ್ನತ ಓದಿಗೆ ಒಕ್ಕೂಟ ಸರ್ಕಾರದ ಒಂದು ಯೋಜನೆಯಿದೆ. ಹಣ ಹೆಚ್ಚಾಗಿ ಅವರ ಬ್ಯಾಂಡ್ ಕೌನ್ಸಿಲ್, ಅಂದರೆ ಸಮುದಾಯದ ಆಡಳಿತ ಮಂಡಳಿಯ ಮೂಲಕ ಕೈಸೇರುತ್ತದೆ. ಕೇಳಿದ ಎಲ್ಲರಿಗೂ ಸಾಲುವಷ್ಟು ಇರುವುದಿಲ್ಲ, ಸರತಿಯಲ್ಲಿ ಕಾಯಬೇಕಾಗುತ್ತದೆ.

ಸೋಶಿಯಲ್ ವರ್ಕ್ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷದ್ದು. ಅದರಲ್ಲಿ ಕನಿಷ್ಠ 700 ಗಂಟೆ ಕ್ಷೇತ್ರದಲ್ಲೇ ಕೆಲಸ ಮಾಡಿ ಕಲಿಯಬೇಕು. ಆಮೇಲೆ ಪ್ರಾಂತ್ಯದಲ್ಲಿ ನೋಂದಣಿ. ಸಸ್ಕಾಚೆವಾನ್‌ನಲ್ಲಿ 1976ರಲ್ಲಿ ಶುರುವಾದ ಕಾಲೇಜೊಂದು ಇಂದು ಫಸ್ಟ್ ನೇಷನ್ಸ್ ಯೂನಿವರ್ಸಿಟಿ ಆಫ್ ಕೆನಡಾ ಆಗಿದೆ. ಅಲ್ಲಿ ಮೂಲನಿವಾಸಿಗಳ ಕಣ್ಣಿನಿಂದಲೇ ಸೋಶಿಯಲ್ ವರ್ಕ್ ಕಲಿಸುತ್ತಾರೆ. ಇಂಥ ಕೋರ್ಸ್‌ಗಳಲ್ಲಿ ಪುಸ್ತಕದ ಜೊತೆಗೆ ಸಮುದಾಯದ ಹಿರಿಯರೂ ಗುರುಗಳು. ವೃತ್ತಾಕಾರವಾಗಿ ಕೂತು ಸರದಿಯಂತೆ ಮಾತಾಡುವುದು, ಆಚರಣೆಗಳಲ್ಲಿ ಪಾಲ್ಗೊಳ್ಳುವುದು ಎಲ್ಲವೂ ಪಾಠವೇ. ಆದರೂ ಬೇರೆಯವರು ಪರೀಕ್ಷೆಗೆಂದು ಓದುವ ಇತಿಹಾಸದಲ್ಲಿ ತಮ್ಮದೇ ದೊಡ್ಡಮ್ಮನ ಬದುಕು ಎದುರಾದಾಗ ಆಗುವ ನೋವು ಸಣ್ಣದಲ್ಲ. ಕೆನಡಾದ ಸೋಶಿಯಲ್ ವರ್ಕರ್‌ಗಳ ರಾಷ್ಟ್ರೀಯ ಸಂಘ ಈ ಇತಿಹಾಸಕ್ಕಾಗಿ 2019ರಲ್ಲಿ ಕ್ಷಮೆ ಕೇಳಿತು.

ಇನ್ನು ಹೋರಾಟದ ಮಾತು. ಒಂದೇ ತರಹದ ಫೈಲ್ ಹತ್ತು ಸಲ ಕೈಗೆ ಬಂದರೆ ತಪ್ಪು ಮನೆಗಳದ್ದಲ್ಲ, ನಿಯಮದ್ದು ಎಂದು ಗೊತ್ತಾಗುತ್ತದೆ. ಸಿಂಡಿ ಬ್ಲ್ಯಾಕ್‌ಸ್ಟಾಕ್ ಹಿಡಿದದ್ದು ಈ ದಾರಿಯನ್ನೇ. ಅವರು ಗಿಟ್ಕ್ಸಾನ್ ಜನಾಂಗದವರು. ಬ್ರಿಟಿಷ್ ಕೊಲಂಬಿಯಾದಲ್ಲಿ ಮಕ್ಕಳ ರಕ್ಷಣೆಯ ಸೋಶಿಯಲ್ ವರ್ಕರ್ ಆಗಿದ್ದರು. ರಿಸರ್ವ್‌ನಲ್ಲಿರುವ ಮಗುವಿನ ಸೇವೆಗೆ ಸಿಗುವ ಹಣ ಹೊರಗಿನ ಮಗುವಿಗಿಂತ ಕಡಿಮೆ ಎಂಬುದು ಅವರನ್ನು ಸುಮ್ನೆ ಇರಲು ಬಿಡಲಿಲ್ಲ. 2007ರಲ್ಲಿ ಅವರ ಸಂಸ್ಥೆ ಮತ್ತು ಆ ಸಮುದಾಯಗಳ ರಾಷ್ಟ್ರೀಯ ಸಂಘಟನೆಯಾದ ಅಸೆಂಬ್ಲಿ ಆಫ್ ಫಸ್ಟ್ ನೇಷನ್ಸ್ ಸೇರಿ ಒಕ್ಕೂಟ ಸರ್ಕಾರದ ವಿರುದ್ಧ ಮಾನವ ಹಕ್ಕುಗಳ ದೂರು ಕೊಟ್ಟವು.

ಅದರ ಹಿಂದೆ ಜೋರ್ಡನ್ ರಿವರ್ ಆಂಡರ್ಸನ್ ಎಂಬ ಪುಟ್ಟ ಹುಡುಗನ ನೆನಪೂ ಇತ್ತು. ಮ್ಯಾನಿಟೋಬಾದ ನಾರ್ವೇ ಹೌಸ್ ಕ್ರೀ ನೇಷನ್‌ನವನು. ಹುಟ್ಟಿನಿಂದ ಕಾಯಿಲೆ. ಆಸ್ಪತ್ರೆಯಿಂದ ಹೊರಗೆ ಕಳಿಸಬಹುದು ಎಂದು ವೈದ್ಯರು ಹೇಳಿದ ಮೇಲೂ ಆರೈಕೆಯ ಖರ್ಚು ನಿನ್ನದು, ನನ್ನದಲ್ಲ ಎಂದು ಒಕ್ಕೂಟ ಮತ್ತು ಪ್ರಾಂತ್ಯ ಸರ್ಕಾರಗಳು ಜಗಳವಾಡಿದವು. 2005ರಲ್ಲಿ ಅವನು ಆಸ್ಪತ್ರೆಯಲ್ಲೇ ತೀರಿಕೊಂಡ. ಐದು ವರ್ಷ. ಮನೆಯಲ್ಲಿ ಒಂದು ದಿನವೂ ಇರಲಿಲ್ಲ. ಮೊದಲು ಮಗುವಿಗೆ ಬೇಕಾದದ್ದನ್ನು ಕೊಡಿ, ಲೆಕ್ಕ ಆಮೇಲೆ ನೋಡಿಕೊಳ್ಳಿ ಎಂಬ ತತ್ವಕ್ಕೆ ಈಗ ಅವನದೇ ಹೆಸರು.

2016ರ ಜನವರಿಯಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿ ತೀರ್ಪು ಕೊಟ್ಟಿತು: ಸರ್ಕಾರ ಮಾಡಿದ್ದು ತಾರತಮ್ಯ. 2023ರಲ್ಲಿ 2,334 ಕೋಟಿ ಕೆನಡಿಯನ್ ಡಾಲರ್ ಪರಿಹಾರಕ್ಕೆ ಫೆಡರಲ್ ಕೋರ್ಟ್ ಒಪ್ಪಿಗೆ ಸಿಕ್ಕಿತು. ದೂರು ಕೊಟ್ಟು ಹದಿನಾರು ವರ್ಷವಾಗಿತ್ತು. ದೂರು ಕೊಟ್ಟಾಗ ಐದು ವರ್ಷದವರಾಗಿದ್ದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿಬಿಟ್ಟಿದ್ದರು. ಅದನ್ನು ನೆನೆದರೆ ಈ ಗೆಲುವಿಗೆ ಪೂರ್ತಿ ಸಂತೋಷಪಡಲು ನನ್ನಿಂದ ಆಗುವುದಿಲ್ಲ.

2020ರ ಜನವರಿ 1ರಂದು ಇನ್ನೊಂದು ಕಾನೂನು ಜಾರಿಗೆ ಬಂತು. ತಮ್ಮ ಮಕ್ಕಳ ರಕ್ಷಣೆಗೆ ತಾವೇ ಕಾನೂನು ಮಾಡುವ ಹಕ್ಕು ಮೂಲನಿವಾಸಿ ಸಮುದಾಯಗಳಿಗಿದೆ ಎಂದು ಅದು ಒಪ್ಪುತ್ತದೆ. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾನೂನು ತಮ್ಮದಾದರೆ ಅದನ್ನು ನಡೆಸುವ ಕಲಿತ ಜನರೂ ತಮ್ಮವರೇ ಬೇಕಲ್ಲ. ಈಗ ಓದುತ್ತಿರುವವರಿಗೆ ಕಾಯುತ್ತಿರುವ ಕೆಲಸ ಇದು.

ಸಸ್ಕಾಚೆವಾನ್‌ನ ಕವೆಸಸ್ ಫಸ್ಟ್ ನೇಷನ್ ಈ ಕಾನೂನಿನಡಿ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 2021ರ ಜುಲೈ 6ರಂದು. ಅದಕ್ಕೆ ಹನ್ನೆರಡು ದಿನ ಮೊದಲು, ಅವರ ನೆಲದ ಹಳೆಯ ವಸತಿ ಶಾಲೆಯ ಪಕ್ಕದ ಸ್ಮಶಾನದಲ್ಲಿ ಗುರುತಿಲ್ಲದ 751 ಗೋರಿಗಳ ಸುಳಿವನ್ನು ರಾಡಾರ್ ತೋರಿಸಿದೆ ಎಂದು ಅದೇ ಸಮುದಾಯ ಪ್ರಕಟಿಸಿತ್ತು.