ಆರೋಗ್ಯ ಶೇ 97 ತೋರಿಸುತ್ತಿದ್ದ ಎಸ್‌ಎಸ್‌ಡಿ ಒಂದೇ ರಾತ್ರಿಯಲ್ಲಿ ಹೇಗೆ ಸಾಯುತ್ತದೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ವ್ಯಾಪಾರ. ಲೆಕ್ಕವೆಲ್ಲ ಡೆಸ್ಕ್‌ಟಾಪಿನಲ್ಲೇ ಇದೆ. ಅದಕ್ಕೆ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲು ಬಳಸುವ, ಮಾಹಿತಿಯನ್ನು ಚಿಪ್‌ಗಳಲ್ಲಿ ಇಡುವ ಡ್ರೈವ್) ಹಾಕಿಸಿ ಎರಡು ವರ್ಷವಾಯಿತು. ಕಳೆದ ತಿಂಗಳು ಸಾಫ್ಟ್‌ವೇರಿನಲ್ಲಿ ನೋಡಿದಾಗ ಅದರ ಆರೋಗ್ಯ ಶೇ 97 ಅಂತಿತ್ತು. ಮೊನ್ನೆ ಮಳೆಗೆ ಕರೆಂಟ್ ನಾಲ್ಕೈದು ಸಲ ಹೋಗಿ ಬಂತು. ಆಮೇಲೆ ಕಂಪ್ಯೂಟರಿಗೆ ಡಿಸ್ಕೇ ಕಾಣಿಸುತ್ತಿಲ್ಲ. ಇದು ಹೇಗೆ ಸಾಧ್ಯ?

ಉತ್ತರ: ಸಾಧ್ಯ. ಮಳೆಗಾಲ ಶುರುವಾದರೆ ಶಿವಮೊಗ್ಗ, ಸಾಗರ, ಹೊಸನಗರದ ಕಡೆಯಿಂದ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಎಲ್ಲರಿಗೂ ಮೋಸ ಮಾಡುವುದು ಆ ಶೇಕಡಾ ಲೆಕ್ಕ.

ಅದು ಅಳೆಯುವುದು ಸವೆತವನ್ನು ಮಾತ್ರ. ಎಸ್‌ಎಸ್‌ಡಿಯ ಫ್ಲ್ಯಾಶ್ ಚಿಪ್‌ಗಳ ಮೇಲೆ ಇಂತಿಷ್ಟು ಸಲ ಬರೆದು ಅಳಿಸಬಹುದು ಅಂತ ಒಂದು ಮಿತಿ ಇದೆ. ಅದರಲ್ಲಿ ಎಷ್ಟು ಖರ್ಚಾಗಿದೆ ಅನ್ನುವುದೇ ಈ ಲೆಕ್ಕ. ಒಂದು ಟಿಬಿ (1,000 ಜಿಬಿ) ಡ್ರೈವ್‌ಗೆ 600 ಟಿಬಿ ಬರೆಯಬಹುದು ಅಂತ ಅನೇಕ ಕಂಪನಿಗಳು ಹೇಳುತ್ತವೆ. ದಿನಕ್ಕೆ 20 ಜಿಬಿ ಬರೆದರೂ ಅದು ಮುಗಿಯಲು 80 ವರ್ಷಕ್ಕೂ ಜಾಸ್ತಿ ಬೇಕು. ಮಂಡಿ ಲೆಕ್ಕ ಬರೆಯುವ ಕಂಪ್ಯೂಟರಿನಲ್ಲಿ ಅಷ್ಟು ಬರೆಯುವುದೂ ಇಲ್ಲ. ಅಂದರೆ ನಿಮ್ಮ ಡ್ರೈವ್ ಸವೆದು ಸತ್ತದ್ದಲ್ಲ.

ಇನ್ನೊಂದು ವಿಷಯ. ಆ ಶೇಕಡಾ ಲೆಕ್ಕ ಹಾಕುವುದೂ ಫರ್ಮ್‌ವೇರೇ, ಅಂದರೆ ಡ್ರೈವ್‌ನೊಳಗೇ ಓಡುವ ಪ್ರೋಗ್ರಾಮ್. ಅದರಲ್ಲೇ ದೋಷವಿದ್ದರೆ ಲೆಕ್ಕವೂ ತಪ್ಪುತ್ತದೆ. 2023ರ ಶುರುವಿನಲ್ಲಿ ಸ್ಯಾಮ್‌ಸಂಗ್ 990 ಪ್ರೊ ಡ್ರೈವ್‌ಗಳು ಕೊಂಡ ಕೆಲವೇ ವಾರಗಳಲ್ಲಿ ಆರೋಗ್ಯ ಸರಸರನೆ ಇಳಿಯುತ್ತಿರುವಂತೆ ತೋರಿಸಿದವು. ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟ ಮೇಲೆ ಇಳಿಯುವುದು ನಿಂತಿತು, ಕಳೆದುಹೋದ ಶೇಕಡಾ ಮಾತ್ರ ವಾಪಸ್ ಬರಲಿಲ್ಲ.

ಫರ್ಮ್‌ವೇರಿಗೆ ಇದಕ್ಕಿಂತ ದೊಡ್ಡ ಕೆಲಸವಿದೆ. ಕಂಪ್ಯೂಟರ್ ಒಂದು ಫೈಲ್ ಕೊಟ್ಟಾಗ ಅದನ್ನು ಯಾವ ಚಿಪ್ಪಿನ ಯಾವ ಮೂಲೆಯಲ್ಲಿ ಇಡಬೇಕು ಅಂತ ತೀರ್ಮಾನಿಸುವುದು ಇದೇ. ಸವೆತ ಎಲ್ಲ ಕಡೆ ಸಮನಾಗಿರಲಿ ಅಂತ ಅದು ಮಾಹಿತಿಯನ್ನು ಜಾಗದಿಂದ ಜಾಗಕ್ಕೆ ಸರಿಸುತ್ತಲೇ ಇರುತ್ತದೆ. ಎಲ್ಲಿ ಏನಿದೆ ಅನ್ನುವ ಪಟ್ಟಿಯನ್ನೂ ತಿದ್ದುತ್ತಾ ಹೋಗುತ್ತದೆ. ಆ ಪಟ್ಟಿ ತಿದ್ದುತ್ತಿರುವ ಹೊತ್ತಿಗೇ ಕರೆಂಟ್ ಹೋದರೆ? ಗೋದಾಮಿನಲ್ಲಿ ಅಡಿಕೆ ಮೂಟೆಗಳೆಲ್ಲ ಇವೆ, ಯಾವುದು ಯಾರದ್ದು ಅಂತ ಬರೆದ ಪುಸ್ತಕ ಮಾತ್ರ ಹರಿದುಹೋಯಿತು ಅಂದುಕೊಳ್ಳಿ. ಒಳ್ಳೆಯ ಫರ್ಮ್‌ವೇರ್ ಪುಸ್ತಕವನ್ನು ಮತ್ತೆ ಕಟ್ಟುತ್ತದೆ. ದೋಷವಿರುವುದು ಅಲ್ಲೇ ಕೈಚೆಲ್ಲುತ್ತದೆ. ಸರ್ವರ್‌ಗಳಿಗೆಂದು ಮಾಡುವ ಅನೇಕ ಡ್ರೈವ್‌ಗಳಲ್ಲಿ ಕರೆಂಟ್ ಹೋದಾಗ ಕೈಯಲ್ಲಿದ್ದ ಕೆಲಸ ಮುಗಿಸಲೆಂದೇ ಕೆಪಾಸಿಟರ್‌ಗಳನ್ನು (ಸ್ವಲ್ಪ ಹೊತ್ತಿಗೆ ಕರೆಂಟ್ ಹಿಡಿದಿಡುವ ಬಿಡಿಭಾಗ) ಇಟ್ಟಿರುತ್ತಾರೆ. ಅಂಗಡಿಯಲ್ಲಿ ನಾವು ಕೊಳ್ಳುವ ಸಾಮಾನ್ಯ ಡ್ರೈವ್‌ಗಳಲ್ಲಿ ಹೆಚ್ಚಾಗಿ ಇರುವುದಿಲ್ಲ.

ದೊಡ್ಡ ಕಂಪನಿಗಳೂ ಇದರಲ್ಲಿ ಎಡವಿವೆ. 2011ರಲ್ಲಿ ಇಂಟೆಲ್ 320 ಸರಣಿಯ ಕೆಲವು ಡ್ರೈವ್‌ಗಳು ಕರೆಂಟ್ ಹಠಾತ್ತಾಗಿ ಹೋಗಿ ಬಂದ ಮೇಲೆ ತಮ್ಮ ಅಳತೆ ಬರೀ 8 ಎಂಬಿ ಅಂತ ಹೇಳತೊಡಗಿದವು. ಒಳಗಿದ್ದ ಮಾಹಿತಿ ಕೈಗೆ ಸಿಗದಂತಾಯಿತು. ಅದೇ ವರ್ಷ ಇಂಟೆಲ್ ತಿದ್ದಿದ ಫರ್ಮ್‌ವೇರ್ ಕೊಟ್ಟಿತು.

ಕರೆಂಟ್ ಸರಿಯಾಗಿದ್ದರೂ ತಪ್ಪುವುದುಂಟು. ಕ್ರೂಷಿಯಲ್ ಎಂ4 ಡ್ರೈವ್ ಒಟ್ಟು 5,184 ಗಂಟೆ ಓಡಿದ ಮೇಲೆ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತಿತ್ತು. ಮತ್ತೆ ಆನ್ ಮಾಡಿದರೆ ಒಂದು ಗಂಟೆ ಕೆಲಸ, ಆಮೇಲೆ ಮತ್ತೆ ಅದೇ ಕಥೆ. 2012ರ ಜನವರಿಯಲ್ಲಿ ಅದಕ್ಕೆ ಪರಿಹಾರ ಬಂತು. ಪುಣ್ಯಕ್ಕೆ ಅಲ್ಲಿ ಮಾಹಿತಿ ಉಳಿಯುತ್ತಿತ್ತು. 2019ರ ನವೆಂಬರಿನಲ್ಲಿ ಸರ್ವರ್ ಮಾರುವ ಎಚ್‌ಪಿಇ ಕಂಪನಿ ಹೇಳಿದ ದೋಷ ಇದಕ್ಕಿಂತ ಭಯಂಕರ. ಅದರ ಕೆಲವು ಸರ್ವರ್ ಡ್ರೈವ್‌ಗಳು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದರೆ ಮುಗಿಯಿತು. ಡ್ರೈವೂ ವಾಪಸ್ ಇಲ್ಲ, ಮಾಹಿತಿಯೂ ಇಲ್ಲ. ಕಂಪ್ಯೂಟರ್ ಕಲಿತವರಿಗೆ ಈ ಸಂಖ್ಯೆ ನೋಡಿದ ಕೂಡಲೇ ಅನುಮಾನ ಬರುತ್ತದೆ. ಧನ, ಋಣ ಎರಡೂ ಸಂಖ್ಯೆ ಹಿಡಿಯುವ 16 ಬಿಟ್‌ನ (16 ಸೊನ್ನೆ-ಒಂದುಗಳ) ಎಣಿಕೆ ನಿಲ್ಲುವುದು 32,767ಕ್ಕೆ, ಗಂಟೆ ಎಣಿಸುವ ಜಾಗವೇ ತುಂಬಿಹೋಯಿತೇನೋ ಅಂತ. ಮುಂದಿನ ಮಾರ್ಚಿನಲ್ಲಿ ಅದೇ ಕಂಪನಿ ಬೇರೆ ಕೆಲವು ಡ್ರೈವ್‌ಗಳಿಗೆ 40,000 ಗಂಟೆಯ ಗಡುವು ಇದೆ ಅಂತ ಎಚ್ಚರಿಸಿತು.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವ ಅಂಶ ಒಂದಿದೆ. ಒಂದೇ ದಿನ ಹಾಕಿದ ಡ್ರೈವ್‌ಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೋಗುತ್ತವೆ. ಒಂದೇ ಮಾಡೆಲ್‌ನ ಎರಡು ಡ್ರೈವ್ ತಂದು, ಒಂದರ ನಕಲು ಇನ್ನೊಂದರಲ್ಲಿ ಇಟ್ಟು ನಿಶ್ಚಿಂತೆಯಾಗಿರುವವರು ನಮ್ಮ ಸಹಕಾರ ಸಂಘಗಳಲ್ಲಿ, ಸ್ಟುಡಿಯೋಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಫರ್ಮ್‌ವೇರ್ ದೋಷದ ಮುಂದೆ ಆ ವ್ಯವಸ್ಥೆ ನಿಲ್ಲುವುದಿಲ್ಲ. ನಕಲು ಬೇರೆ ಕಂಪನಿಯ ಡಿಸ್ಕಿನಲ್ಲಿರಲಿ, ಹಳೆಯ ಹಾರ್ಡ್‌ಡಿಸ್ಕ್ ಆದರೂ ಸರಿ. ಕೆಲಸ ಮುಗಿದ ಮೇಲೆ ಅದನ್ನು ಕಂಪ್ಯೂಟರಿನಿಂದ ಬಿಚ್ಚಿಡಿ.

ಫರ್ಮ್‌ವೇರ್ ಅಪ್‌ಡೇಟ್ ಇದೆಯಾ ಅಂತ ಡ್ರೈವ್ ಕಂಪನಿಯ ಸಾಫ್ಟ್‌ವೇರಿನಲ್ಲೇ ನೋಡಬಹುದು. ಮಳೆ ಹಿಡಿಯುವ ಮುಂಚೆಯೇ, ಮೇ ತಿಂಗಳಲ್ಲೇ ಆ ಕೆಲಸ ಮುಗಿಸಿ. ಮೊದಲು ಮಾಹಿತಿಯ ನಕಲು ತೆಗೆದುಕೊಳ್ಳಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಬಾರದು. ಹೆಸರು ಕೇಳಿರದ ಅಗ್ಗದ ಡ್ರೈವ್‌ಗಳಿಗೆ ಅಪ್‌ಡೇಟ್ ಬರುವುದೇ ಅಪರೂಪ. ಕೊಳ್ಳುವಾಗಲೇ ಇದನ್ನು ಯೋಚಿಸಿ.

ಮನೆಯ ಇನ್ವರ್ಟರ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಕರೆಂಟ್ ಹೋದಾಗ ಫ್ಯಾನು ನಿಲ್ಲುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ ಅಂದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ಇನ್ವರ್ಟರ್‌ಗೆ ಹಿಡಿಯುವ ಹೊತ್ತು ಜಾಸ್ತಿಯಾಗಿದೆ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ಹಾಕಿ. ಇಲ್ಲದಿದ್ದರೆ ಡೆಸ್ಕ್‌ಟಾಪಿಗೆ ಬೇರೆ ಯುಪಿಎಸ್ ಬೇಕೇ ಬೇಕು. ಕ್ರಿಸ್ಟಲ್ ಡಿಸ್ಕ್ ಇನ್ಫೋದಂಥ ಸಾಫ್ಟ್‌ವೇರಿನಲ್ಲಿ 'ಅನ್‌ಸೇಫ್ ಶಟ್‌ಡೌನ್' ಅನ್ನುವ ಸಂಖ್ಯೆ (ಸರಿಯಾಗಿ ಆಫ್ ಆಗದೆ ಡ್ರೈವ್‌ಗೆ ಎಷ್ಟು ಸಲ ಕರೆಂಟ್ ಹೋಗಿದೆ ಅನ್ನುವ ಲೆಕ್ಕ) ಕಾಣಿಸಿದರೆ ಅದರ ಮೇಲೆ ಕಣ್ಣಿಡಿ. ನಮ್ಮ ಊರುಗಳಲ್ಲಿ ಶೇ 97ಕ್ಕಿಂತ ಆ ಸಂಖ್ಯೆ ಹೆಚ್ಚು ಸತ್ಯ ಹೇಳುತ್ತದೆ.

ಈಗ ನಿಮ್ಮ ಡ್ರೈವ್ ವಿಷಯಕ್ಕೆ ಬರೋಣ. ಅದಿನ್ನೂ ಬದುಕಿರಬಹುದು. ಅದರ ಡೇಟಾ ಕೇಬಲ್ ಬಿಚ್ಚಿ, ಬರೀ ಪವರ್ ಕೇಬಲ್ ಕೊಟ್ಟು ಅರ್ಧ ಗಂಟೆ ಬಿಡಿ. ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಹಾಗೇ ಮಾಡಿ. ಕಂಪ್ಯೂಟರ್ ಏನೂ ಕೇಳದಿದ್ದಾಗ ಕೆಲವು ಡ್ರೈವ್‌ಗಳು ಪಟ್ಟಿಯನ್ನು ತಾವೇ ಕಟ್ಟಿಕೊಂಡು ಮತ್ತೆ ಕಾಣಿಸುತ್ತವೆ. ಕಾಣಿಸಿದರೆ ಮೊದಲು ಲೆಕ್ಕವೆಲ್ಲ ಬೇರೆ ಕಡೆ ಇಳಿಸಿಕೊಳ್ಳಿ, ಫರ್ಮ್‌ವೇರ್ ಆಮೇಲೆ ನೋಡೋಣ. ಯಾರಾದರೂ ಫಾರ್ಮ್ಯಾಟ್ ಮಾಡಿಕೊಡ್ತೀನಿ ಅಂದರೆ ಬೇಡ ಅನ್ನಿ. ಏನೂ ಆಗದಿದ್ದರೆ ವಾರಂಟಿಗೆ ಕಳಿಸುವ ಮುಂಚೆ ಡೇಟಾ ರಿಕವರಿ ಮಾಡುವವರಿಗೆ ತೋರಿಸಿ. ವಾರಂಟಿಯಲ್ಲಿ ನಿಮಗೆ ಬರುವುದು ಬೇರೊಂದು ಖಾಲಿ ಡ್ರೈವ್. ಹಳೆಯದು, ಅದರೊಳಗಿನ ಲೆಕ್ಕದ ಸಮೇತ, ನಿಮ್ಮ ಕೈಗೆ ಮತ್ತೆ ಬರುವುದಿಲ್ಲ.