ಸ್ಕೋಪ್ ಛಲೋ ಐತೋ ಇಲ್ಲೋ, ಹೆಂಗ್ ನೋಡೂದ್ರಿ?

"ಸರ್, 24 ಎಕ್ಸ್ ಸ್ಕೋಪ್ ತಗೊಂಡೇನ್ರಿ. ಆದ್ರೂ ಪೆಲೆಟ್ ಒಂದೊಂದ್ ಸಲ ಒಂದೊಂದ್ ಕಡೆ ಬೀಳಾಕತ್ತಾವ. ಸ್ಕೋಪ್ ಛಲೋ ಐತೋ ಇಲ್ಲೋ, ಹೆಂಗ್ ನೋಡೂದ್ರಿ?"

ಹುಬ್ಬಳ್ಳಿ, ಗದಗ, ರಾಣೆಬೆನ್ನೂರು, ಎಲ್ಲಿಂದ ಫೋನ್ ಬಂದರೂ ಇದೇ ಪ್ರಶ್ನೆ. ಸ್ಕೋಪ್ ಅಂದರೆ ರೈಫಲ್ ಮೇಲೆ ಕೂರಿಸುವ ಗುರಿ ದುರ್ಬೀನು, ಪೆಲೆಟ್ ಅಂದರೆ ಏರ್ ರೈಫಲ್ ಗಾಳಿಯ ಒತ್ತಡದಿಂದ ಹಾರಿಸುವ ಸಣ್ಣ ಗುಂಡು. ಎಲ್ಲರೂ ಎಕ್ಸ್ ಎಷ್ಟು ಅನ್ನೋದನ್ನೇ ಮೊದಲು ಹೇಳುತ್ತಾರೆ. ಸ್ಕೋಪನ್ನು ರೈಫಲ್ಲಿಗೆ ಬಿಗಿದು ಹಿಡಿಯುವ ಮೌಂಟ್ ಯಾವುದು ಎಂದರೆ "ಅದು ಸ್ಕೋಪ್ ಜೋಡೀನ ಬಂದಿತ್ರಿ" ಅನ್ನುತ್ತಾರೆ. ಏರ್ ರೈಫಲ್ ಮಟ್ಟಿಗೆ ಇನ್ನೊಮ್ಮೆ, ಪೂರ್ತಿಯಾಗಿ ಬರೆಯುತ್ತೇನೆ.

ಎಕ್ಸ್ ಹೆಚ್ಚಾದಷ್ಟೂ ಸ್ಕೋಪ್ ಛಲೋ ಎಂಬ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ. ಎಕ್ಸ್ ಅಂದರೆ ಗುರಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಲೆಕ್ಕ, ಅಷ್ಟೇ. ಗಾಜು ಎಂಥದ್ದು, ಸ್ಕೋಪಿನೊಳಗಿನ ಸ್ಪ್ರಿಂಗ್ ಎಷ್ಟು ಗಟ್ಟಿ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಗುರಿ ದೊಡ್ಡದಾದಂತೆ ನಿಮ್ಮ ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ಗದಗಿನ ಎರೆ ಹೊಲದಲ್ಲಿ 24 ಎಕ್ಸ್ ಇಟ್ಟು ನೋಡಿ, ನೆಲದ ಝಳಕ್ಕೆ ಗುರಿ ನೀರಿನೊಳಗೆ ಇಟ್ಟಂತೆ ಅಲುಗುತ್ತದೆ.

ಬೆಳಕಿನ ಲೆಕ್ಕವನ್ನೂ ಮಾಡಿ. ಮುಂದಿನ ಗಾಜಿನ ಅಗಲವನ್ನು ಎಕ್ಸ್‌ನಿಂದ ಭಾಗಿಸಬೇಕು. 40 ಮಿ.ಮೀ. ಗಾಜಿಗೆ 4 ಎಕ್ಸ್ ಇದ್ದರೆ ಕಣ್ಣಿಗೆ ಬರುವ ಬೆಳಕಿನ ಅಗಲ 10 ಮಿ.ಮೀ.; 24 ಎಕ್ಸ್ ಆದರೆ ಸುಮಾರು 1.7 ಮಿ.ಮೀ. ಸಂಜೆಗೆ ಕಣ್ಣಿನ ಪಾಪೆ 5 ಮಿ.ಮೀ.ಗೂ ಹೆಚ್ಚು ಅರಳಿ ಕಾಯುತ್ತಿರುತ್ತದೆ, ಬರುವ ಬೆಳಕು ಅದಕ್ಕೆ ಸಾಲುವುದಿಲ್ಲ. ತಲೆ ಕೂದಲೆಳೆ ಸರಿದರೂ ಕಪ್ಪು. ಇನ್ನೊಂದು, ಅಗ್ಗದ ಎಷ್ಟೋ ಸ್ಕೋಪ್‌ಗಳನ್ನು 100 ಗಜ ದೂರಕ್ಕೆ ಹೊಂದಿಸಿರುತ್ತಾರೆ. ನೀವು ಹೊಡೆಯುವುದು 10 ಮೀಟರಿಗೆ. ರೈಫಲ್ಲನ್ನು ಉಸುಕಿನ ಚೀಲದ ಮೇಲಿಟ್ಟು, ಮುಟ್ಟದೆ, ತಲೆಯನ್ನಷ್ಟೇ ಅತ್ತಿತ್ತ ಆಡಿಸಿ. ಸ್ಕೋಪಿನೊಳಗೆ ಕಾಣುವ ಅಡ್ಡಗೆರೆ ಗುರಿಯ ಮೇಲೆ ಸರಿದಾಡಿದರೆ ಪೆಲೆಟ್ಟೂ ಹಾಗೇ ಸರಿಯುತ್ತದೆ. 10 ಮೀಟರಿನವರೆಗೂ ಹೊಂದಿಸಲು ಬರುವ 4 ಎಕ್ಸ್ ಸ್ಕೋಪ್ ನಿಮ್ಮ ಹಿತ್ತಲಿಗೆ ಧಾರಾಳ ಸಾಕು.

ಇನ್ನು ಪರೀಕ್ಷೆ. 25 ಮೀಟರಿನಲ್ಲಿ ಮೂರು ಪೆಲೆಟ್ ಹೊಡೆಯಿರಿ. ಆಮೇಲೆ ಸ್ಕೋಪಿನ ತಿರುಗಣೆಗಳನ್ನು (ಒಂದೊಂದು ಮೆಟ್ಟಿಲಿಗೂ ಒಂದು ಕ್ಲಿಕ್) 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ ತಿರುಗಿಸಿ. ಪ್ರತಿ ಮೂಲೆಯಲ್ಲೂ ಮೂರು ಹೊಡೆಯುತ್ತ ಬನ್ನಿ. ಕಾಲು ಎಂ.ಓ.ಎ. (ಎಂ.ಓ.ಎ. ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗದ ಕೋನ) ಸ್ಕೋಪ್‌ನಲ್ಲಿ ಈ ದೂರಕ್ಕೆ ಒಂದು ಕ್ಲಿಕ್ ಅಂದರೆ 1.8 ಮಿ.ಮೀ., ಹಾಗಾಗಿ ಸುಮಾರು 36 ಮಿ.ಮೀ.ನ ಚೌಕ ಮೂಡಬೇಕು, ಕೊನೆಯ ಮೂರು ಮೊದಲಿನ ಮೂರರ ಮೇಲೇ ಬೀಳಬೇಕು. ಬಿದ್ದರೆ ಸ್ಕೋಪ್ ಛಲೋ ಐತಿ, ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ.

ಚೌಕ ಸೊಟ್ಟಾದರೆ ಸ್ಕೋಪನ್ನು ಬಯ್ಯುವ ಮೊದಲು ಮೌಂಟ್ ನೋಡಿ. ಸ್ಪ್ರಿಂಗ್ ಏರ್ ರೈಫಲ್ ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಹೋಗಿ ಬಡಿದಾಗ ಮುಂದಕ್ಕೆ ಜಗ್ಗುತ್ತದೆ. ಮದ್ದಿನ ಬಂದೂಕಿಗೆಂದು ಮಾಡಿದ, ಭಾರೀ ಬೆಲೆಯ ಸ್ಕೋಪ್‌ಗಳೂ ಈ ಎರಡನೇ ಜಗ್ಗಾಟಕ್ಕೆ ಒಳಗೆ ಕಳಚಿಕೊಂಡಿವೆ. ಮೌಂಟ್ ಅಂತೂ ರೈಫಲ್ ಮೇಲಿನ 11 ಮಿ.ಮೀ. ಅಗಲದ ಹಳಿಯ ಮೇಲೆ ಸದ್ದಿಲ್ಲದೆ ಹಿಂದೆ ಜಾರುತ್ತದೆ. ಮೌಂಟ್ ಮತ್ತು ಹಳಿ ಕೂಡುವಲ್ಲಿ ಪೆನ್ಸಿಲ್ ಗೆರೆ ಎಳೆದು ಐವತ್ತು ಪೆಲೆಟ್ ಹೊಡೆಯಿರಿ. ಗೆರೆ ಮುರಿದಿದ್ದರೆ ಕಳ್ಳ ಸಿಕ್ಕ. ಜಾರದಂತೆ ಹಿಡಿಯುವ ತಡೆಮೊಳೆ ಇರುವ ಮೌಂಟ್ ತಗೊಳ್ಳಿ. ಸ್ಕ್ರೂಗಳನ್ನು ಟ್ರ್ಯಾಕ್ಟರ್ ಗಾಲಿಯ ನಟ್ಟಿನಂತೆ ಕರ್ಣಕ್ಕೆ ಕರ್ಣ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಹಟಕ್ಕೆ ಬಿಗಿದರೆ ಸ್ಕೋಪಿನ ಕೊಳವೆ ನೆಗ್ಗುತ್ತದೆ.

ಸ್ಪರ್ಧೆಗೆ ಯಾವ ಸ್ಕೋಪ್ ಎಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ. ಹತ್ತು ಅಂಕದ ಚುಕ್ಕೆ 0.5 ಮಿ.ಮೀ. ಅಷ್ಟು ಸಣ್ಣ ಚುಕ್ಕೆಗೆ ಗುರಿಯಿಟ್ಟು ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ನಮ್ಮ ನೆರೆಯ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರಿಗೆ ಕಂಚು ತಂದದ್ದೂ ಸ್ಕೋಪ್ ಇಲ್ಲದೆಯೇ. ಅವರು ನೋಡುವುದು ಒಂದು ಸಣ್ಣ ತೂತಿನಿಂದ. ತೂತು ಸಣ್ಣದಾದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೇ ಚೂಪಾಗಿ ಕಾಣುತ್ತವೆ. ದೂರದ್ದು ಕಾಣಲು ಚಾಳೀಸು ಹಾಕುವವರು ಈಗಲೇ ನೋಡಬಹುದು: ರಟ್ಟಿಗೆ ಸೂಜಿಯಿಂದ ಒಂದು ತೂತು ಮಾಡಿ, ಚಾಳೀಸು ತೆಗೆದು, ಹಗಲು ಬೆಳಕಿನಲ್ಲಿ ಅದರೊಳಗಿಂದ ಎದುರು ಬೀದಿಯ ಅಂಗಡಿಯ ಬೋರ್ಡ್ ಓದಿ.