ಆ ಒಂದು ‘ಆಗಿದ್ದರೂ’

ಕಲಾ ಇತಿಹಾಸದ ಉತ್ತರಪತ್ರಿಕೆಗಳನ್ನು ತಿದ್ದುವಾಗ ಪ್ರತಿ ವರ್ಷವೂ ನನ್ನ ಕೆಂಪು ಪೆನ್ನು ಇದೇ ವಾಕ್ಯದ ಮೇಲೆ ನಿಲ್ಲುತ್ತದೆ: ‘ಪೋಪ್ ಎರಡನೆಯ ಜೂಲಿಯಸ್ ಯುದ್ಧದಾಹಿ ಆಗಿದ್ದರೂ ಮಹಾನ್ ಕಲಾಪ್ರೇಮಿ.’ ಈ ‘ಆಗಿದ್ದರೂ’ ಎಲ್ಲಿಂದ ಬಂತು? ಹಗಲೆಲ್ಲ ಊರು ಗೆದ್ದು ಬಂದ ಮುದುಕ, ಸಂಜೆ ಬೇಸರ ಕಳೆಯಲು ಚಿತ್ರ ಬರೆಸುತ್ತಿದ್ದ ಎಂದು ಮಕ್ಕಳು ತಿಳಿದಂತಿದೆ.

ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ ಎನ್ನುತ್ತೇನೆ. 1506ರ ಏಪ್ರಿಲ್‌ನಲ್ಲಿ ರೋಮಿನ ಹೊಸ ಸಂತ ಪೀಟರ್ ಬೆಸಿಲಿಕಾ ಚರ್ಚಿಗೆ ಅಡಿಗಲ್ಲು. ನವೆಂಬರ್‌ನಲ್ಲಿ ದಂಡೆತ್ತಿ ಹೋಗಿ ಇಟಲಿಯ ಬೊಲೊನ್ಯಾ ನಗರಕ್ಕೆ ವಿಜಯಪ್ರವೇಶ. 1508ರಲ್ಲಿ ಮೈಕೆಲ್ಯಾಂಜೆಲೊನಿಂದ ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನ ಚಾವಣಿಗೆ ಚಿತ್ರ ಬರೆಯುವ ಕೆಲಸ ಆರಂಭ. 1510ರಲ್ಲಿ ಪೋಪ್ ಮತ್ತೆ ದಂಡಯಾತ್ರೆ ಹೊರಟಾಗ ಮೈಕೆಲ್ಯಾಂಜೆಲೊಗೆ ಬರಬೇಕಾದ ಹಣ ನಿಂತಿತು. ಸಾರುವೆ ಇಳಿದು ಬೊಲೊನ್ಯಾದವರೆಗೂ ಹೋಗಿ ಆತ ಹಣ ಕೇಳಬೇಕಾಯಿತು. ಫಿರಂಗಿಗೂ ಬಣ್ಣಕ್ಕೂ ಬೊಕ್ಕಸ ಒಂದೇ, ಯಜಮಾನನೂ ಒಬ್ಬನೇ.

ಇಷ್ಟು ಹೇಳಿದರೂ ತಲೆಗೆ ಹೋಗದವರಿಗೆ ಬೊಲೊನ್ಯಾದ ಕಂಚಿನ ಪ್ರತಿಮೆಯ ಕಥೆ ಹೇಳುತ್ತೇನೆ. ಊರನ್ನು ಆಳುತ್ತಿದ್ದ ಬೆಂತಿವೋಲ್ಯೊ ಮನೆತನವನ್ನು ಓಡಿಸಿದ ಮೇಲೆ, ಅಲ್ಲಿನ ಸಾನ್ ಪೆತ್ರೋನಿಯೊ ಚರ್ಚಿನ ಬಾಗಿಲ ಮೇಲೆ ಕೂರಿಸಲು ಜೂಲಿಯಸ್ ತನ್ನದೇ ದೊಡ್ಡ ಮೂರ್ತಿ ಮಾಡಿಸಿದ. ಎರಕ ಹೊಯ್ದವನು ಮೈಕೆಲ್ಯಾಂಜೆಲೊ. ಎಡಗೈಯಲ್ಲಿ ಪುಸ್ತಕ ಇಡಲೇ ಎಂದು ಶಿಲ್ಪಿ ಕೇಳಿದನಂತೆ. ನನಗೇಕೆ ಪುಸ್ತಕ, ಕತ್ತಿ ಇಡು ಎಂದನಂತೆ ಪೋಪ್. ಎತ್ತಿದ ಬಲಗೈ ಆಶೀರ್ವದಿಸುತ್ತಿದೆಯೋ ಶಪಿಸುತ್ತಿದೆಯೋ ಎಂದು ಪೋಪ್ ಕೇಳಿದಾಗ, ಊರಿನವರು ನೆಟ್ಟಗಿರಲಿ ಎಂದು ಎಚ್ಚರಿಸುತ್ತಿದೆ ಎಂಬ ಉತ್ತರ ಶಿಲ್ಪಿಯಿಂದ ಬಂತಂತೆ. ಇದೆಲ್ಲ ಮೈಕೆಲ್ಯಾಂಜೆಲೊನ ಶಿಷ್ಯ ಕೊಂದೀವಿ ಬರೆದಿಟ್ಟ ಮಾತು. ಗುರುವಿನ ಬಾಯಿಂದ ಬಂದ ಗುರುವಿನ ಕಥೆಯಾದ್ದರಿಂದ ಒಂದು ಚಿಟಿಕೆ ಕಡಿಮೆ ಮಾಡಿಯೇ ನಂಬಬೇಕು. ಆದರೆ ಮೂರ್ತಿಯ ಗತಿಯ ಬಗ್ಗೆ ಅನುಮಾನವಿಲ್ಲ. 1508ರಲ್ಲಿ ಮೇಲೇರಿದ್ದನ್ನು, ಬೆಂತಿವೋಲ್ಯೊಗಳು ಮರಳಿದ ಮೇಲೆ, 1511ರ ಡಿಸೆಂಬರ್‌ನಲ್ಲಿ ಕೆಳಗುರುಳಿಸಿದರು. ಆ ಕಂಚು ಪೋಪ್‌ನ ವೈರಿ, ಫೆರಾರಾದ ದೊರೆ ಅಲ್ಫಾನ್ಸೊನ ಕೈ ಸೇರಿ ಫಿರಂಗಿಯಾಯಿತು. ಅದಕ್ಕೆ ಆತ ಇಟ್ಟ ಹೆಸರು ‘ಲಾ ಜೂಲಿಯಾ’. ಅಲ್ಫಾನ್ಸೊಗೆ ಅರ್ಥವಾದದ್ದು ನನ್ನ ಮೂರನೇ ವರ್ಷದವರಿಗೆ ಏಕೆ ಆಗುವುದಿಲ್ಲವೋ!

ರಫೇಲ್ ಬರೆದ ಹೆಲಿಯೊಡೋರಸ್ ಚಿತ್ರವೂ ಹಾಗೆಯೇ. ಜೆರುಸಲೇಮಿನ ದೇಗುಲದ ಹಣ ದೋಚಲು ಬಂದವನನ್ನು ದೇವಲೋಕದ ಸವಾರ ತುಳಿಯುತ್ತಿದ್ದಾನೆ. ಎಡಗಡೆ, ಸೇವಕರು ಹೊತ್ತ ಆಸನದಲ್ಲಿ ಕುಳಿತು ನೋಡುತ್ತಿರುವವನು ಸಾಕ್ಷಾತ್ ಜೂಲಿಯಸ್. ಆ ಕಳ್ಳ, ಜೂಲಿಯಸ್ ಆಗ ಕಾದಾಡುತ್ತಿದ್ದ ಫ್ರೆಂಚರೇ ಎಂದು ಕೆಲವರು ಬೆರಳಿಟ್ಟು ತೋರಿಸುತ್ತಾರೆ. ಅಷ್ಟು ಬಿಗಿಯಾಗಿ ಕಟ್ಟಿಹಾಕುವುದು ಬೇಡ. ಚರ್ಚಿನ ಆಸ್ತಿಗೆ ಕೈ ಹಾಕುವ ಯಾರಿಗಾದರೂ ಅದು ಹೊಂದುತ್ತದೆ.

‘ಹಾಗಾದರೆ ಸರ್, ಅವನಿಗೆ ಕಲೆಯೆಂದರೆ ಇಷ್ಟವೇ ಇರಲಿಲ್ಲವೇ?’ ಎಂದು ಹುಡುಗಿಯೊಬ್ಬಳು ಪಾಪ, ಬೇಸರದಿಂದ ಕೇಳಿದಳು. ಇತ್ತಮ್ಮ, ಖಂಡಿತ ಇತ್ತು. 1506ರಲ್ಲಿ ದ್ರಾಕ್ಷಿತೋಟವೊಂದರಲ್ಲಿ ಲಾವೊಕೋನ್ ಎಂಬ ಪ್ರಾಚೀನ ಶಿಲ್ಪ ಸಿಕ್ಕಾಗ ತಡಮಾಡದೆ ಕೊಂಡು ವ್ಯಾಟಿಕನ್ನಿನ ಬೆಲ್ವೆದೆರೆ ಅಂಗಳದಲ್ಲಿ ಇರಿಸಿಕೊಂಡವನು ಅವನೇ. ಪರೀಕ್ಷೆಯಲ್ಲಿ ಅವಳು ‘ಯುದ್ಧದಾಹಿಯೂ ಹೌದು, ಕಲಾಪ್ರೇಮಿಯೂ ಹೌದು’ ಎಂದು ಬರೆದಳು. ಅರ್ಧ ಅಂಕ ಕೊಟ್ಟೆ.